ಹಸಿರು ಗಾಡಿ, ಕೆಂಪು ಗಾಡಿ

ಬಸಣ್ಣ ಹಸಿರು ಮೋಟಾರಿನ ಹ್ಯಾಂಡಲನ್ನು ಎರಡೂ ಕೈಯಿಂದ ಹಿಡಿದು ಮತ್ತೊಮ್ಮೆ ಜೋರಾಗಿ ತಿರುವಿದ. ಗಾಡಿ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಭಜನೆಯವರು ಒಂದು ಪದ ಮುಗಿಸಿ ಇನ್ನೊಂದಕ್ಕೆ ತಾಳ ಹೊಂದಿಸಿಕೊಳ್ಳುತ್ತಿದ್ದ ಹೊತ್ತು. ಆ ಕೆಮ್ಮು ಇಡೀ ಅಂಗಳಕ್ಕೆ ಕೇಳಿಸಿತು. ಪಡಸಾಲೆಯಲ್ಲಿ ಕೂತಿದ್ದ ಹೆಂಗಸರು ಕತ್ತು ಹೊರಳಿಸಿ ನೋಡಿದರು.

"ಏನ್ ಮಾಡಾಕತ್ತೀಯೋ ತಮ್ಮಾ?" ಅವನ ಅಕ್ಕ ಕಾಳವ್ವ ಸೆರಗು ಸರಿಪಡಿಸಿಕೊಳ್ಳುತ್ತ ಅಂಗಳಕ್ಕೆ ಇಳಿದು ಬಂದಳು. "ಹೆಂಡತಿ ಒಳಗ ಹಂಗ ಕುಂತಾಳ. ಬಾಜೂ ಬಂದು ಕುಂದ್ರೂದು ಬಿಟ್ಟು ಈ ಗಾಡಿ ಮುಂದ ನಿಂತೀಯಲ್ಲ?"

"ಇದರಾಗ ಒಯ್ತೇನಿ ಆಕೀನ್ನ."

"ಯಾರನ್ನ?"

"ಮುರಿಗೆವ್ವನ್ನ."

ಕಾಳವ್ವ ಪಡಸಾಲೆಯ ಕಡೆ ಹೊರಳಿ ನೋಡಿದಳು. ಮುರಿಗೆವ್ವ ನಿನ್ನೆ ಸಂಜೆ ಎದೆನೋವು ಎಂದು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಈಗ ಆಕೆಯನ್ನು ಪಡಸಾಲೆಯ ಗೋಡೆಗೆ ಒರಗಿಸಿ, ಪದ್ಮಾಸನ ಹಾಕಿಸಿ ಕೂಡಿಸಿದ್ದರು. ಇಳಕಲ್ ಸೀರೆ, ಹಸಿರು ಬಳೆ, ಹಣೆಗೆ ವಿಭೂತಿ, ಅದರ ಕೆಳಗೆ ಕಾಸಿನಗಲ ಕುಂಕುಮ, ಎಡಗೈಯಲ್ಲಿ ಲಿಂಗ. ಬದುಕಿದ್ದಾಗ ಆಕೆ ಇಷ್ಟು ಹೊತ್ತು ಒಂದೇ ಕಡೆ ಕೂತದ್ದನ್ನು ಅಲ್ಲಿದ್ದ ಯಾರೂ ನೋಡಿರಲಿಲ್ಲ.

"ಹತ್ತಿ ಜಿನ್ನಿನ ಲಾರಿ ಹೇಳಿ ಕಳಿಸೇವಿ. ಮಧ್ಯಾಹ್ನಕ್ಕ ಬರ್ತೈತಿ. ಸುಳ್ಳ ಊರಿನ ನಮ್ಮ ಹೊಲದಾಗ ಕುಣಿ ತೋಡಾಕತ್ತಾರ. ಈಗ ಇದೇನ್ ಹುಚ್ಚು ತಗದಿ?"

"ಹತ್ತಿ ಅಂಡಿಗಿ ಹೇರೂ ಲಾರ್ಯಾಗ ಆಕಿ ಬ್ಯಾಡ, ಅಕ್ಕ."

"ಮಂದಿ ನಗತಾರ."

"ನಗಲಿ. ಹದಿನಾಲ್ಕು ವರ್ಷ ನಕ್ಕಾರ, ಇನ್ನೊಂದು ದಿನ ನಗಲಿ."

ಕಾಳವ್ವ ಸೋತು, ಭಜನೆಯ ಮುಂದೆ ಕೂತಿದ್ದ ಶಾಂತಯ್ಯನವರ ಕಡೆ ತಿರುಗಿದಳು. ಮನೆತನದ ಅಯ್ಯನವರು ಅವರೇ; ಈ ಮನೆಯ ಹುಟ್ಟು ಸಾವು ಎರಡನ್ನೂ ಅವರೇ ಮಾಡಿಸಿದ್ದರು. "ಅಯ್ಯಾರ, ನೀವರೆ ಹೇಳ್ರಿ ಇವಗ. ಮುತ್ತೈದಿ ಹೆಣ ಎರಡು ಸೀಟಿನ ಬಿಚ್ಚುಗಾಡ್ಯಾಗ ಒಯ್ತಾರೇನ್ರಿ ಎಲ್ಲಿಯಾದ್ರೂ?"

ಶಾಂತಯ್ಯ ಕನ್ನಡಕ ಹಣೆಗೇರಿಸಿ ಗಾಡಿಯನ್ನೂ ಬಸಣ್ಣನನ್ನೂ ನೋಡಿದರು. "ನಮ್ಮವರು ಕುಂತು ಹೋಗಬೇಕವ್ವ, ಅಷ್ಟ. ಚಕ್ಕಡಿಯಾಗ ಹೋಗಲಿ, ಮೋಟಾರಿನಾಗ ಹೋಗಲಿ. ಆದ್ರ ಬಸಣ್ಣ, ಅದು ಶುರು ಆಗಬೇಕಲ್ಲಪ್ಪ ಮೊದಲ?"

ಬಸಣ್ಣ ಬಾನೆಟ್ಟಿನ ಒಂದು ರೆಕ್ಕೆ ಎತ್ತಿ, ಮತ್ತೆ ಮುಚ್ಚಿ, ಗಾಡಿಯ ಸುತ್ತ ಒಂದು ಸುತ್ತು ಹಾಕಿ ಬಂದ. ಬೆಳಗಿನಿಂದ ಅವನು ಹೀಗೇ ಇದ್ದ. ಹೆಂಡತಿಯ ಮುಂದೆ ಹೋಗಿ ನಿಲ್ಲುವನು, ಏನೋ ಮರೆತವನಂತೆ ಹೊರಗೆ ಬರುವನು.

"ಇಬ್ಬರೂ ಹಂಗ," ಎಂದಳು ನೆರೆಮನೆಯ ದೇವಕ್ಕ ಪಕ್ಕದವಳಿಗೆ ಮೆಲ್ಲಗೆ. "ಆಕೀನೂ ನಮ್ಮ ಮನಿಗೆ ಬಂದ್ರ ಒಂದಿನ ಕುಂತು ಚಾ ಕುಡಿದಾಕಿ ಅಲ್ಲ. ಬಾಗಲಕ್ಕ ಆತು ನಿಂತು ಕುಡಿಯಾಕಿ. ಕುಂದ್ರ ಅಂದ್ರ, 'ಹೊಂಟೇನಿ, ಹೊಂಟೇನಿ' ಅನ್ನಾಕಿ. ಎಲ್ಲಿಗೆ ಅಂದ್ರ ಆಕೀಗೂ ಗೊತ್ತಿರತಿದ್ದಿಲ್ಲ."

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಒಂದು ಎಂಜಿನ್ನಿನ ತೆಳುವಾದ, ಒಂದೇ ಸಮನಾದ ಸದ್ದು ಕೇಳಿಸಿತು. ಮೈತುಂಬ ಧೂಳು ಮೆತ್ತಿಕೊಂಡ ಕೆಂಪು ಗಾಡಿಯೊಂದು ಬಂದು ಮನೆಯ ಮುಂದೆ ನಿಂತಿತು. ಮುರಿಗೆವ್ವನ ತಮ್ಮ ಸಿದ್ದಪ್ಪ ಇಳಿದ. ನಿನ್ನೆ ರಾತ್ರಿ ಟ್ರಂಕ್ ಕಾಲ್ ಹೋದಾಗ ಅವನು ಮುಂಬೈಯಲ್ಲಿದ್ದ. ಕಣ್ಣು ಕೆಂಪಾಗಿದ್ದವು, ಅಂಗಿ ಬೆನ್ನಿಗೆ ಅಂಟಿತ್ತು. ಯಾರನ್ನೂ ನೋಡದೆ ನೇರ ಒಳಗೆ ಹೋಗಿ ಅಕ್ಕನ ಪಾದದ ಮೇಲೆ ತಲೆಯಿಟ್ಟ. ಹೆಂಗಸರ ಅಳು ಮತ್ತೊಮ್ಮೆ ಎದ್ದಿತು.

"ರೈಲಿನಾಗ ಬಂದಿದ್ರ ಮಣ್ಣಿಗೆ ಸಿಗತಿದ್ದಿಲ್ಲ," ಎಂದ ಹೊರಗೆ ಒಬ್ಬ. "ಗಾಡಿ ಅಂದ್ರ ಅದು ನೋಡ್ರಿ."

ಬಸಣ್ಣನಿಗೆ ಅದು ಕೇಳಿಸಿತು. ಅವನು ಮತ್ತೆ ಬಗ್ಗಿ ಹ್ಯಾಂಡಲ್ ಹಿಡಿದ.

*

ಹಸಿರು ಗಾಡಿ ಮನೆಗೆ ಬಂದದ್ದು ಐವತ್ತೊಂದನೇ ಇಸವಿಯಲ್ಲಿ. ಗಿರಣಿಯ ಇಂಗ್ಲಿಷ್ ಎಂಜಿನಿಯರ್ ಒಬ್ಬ ಊರು ಬಿಟ್ಟು ಹೊರಟಿದ್ದ. ಹತ್ತಿಯ ಮಾತಿಗೆಂದು ಅವನ ಬಂಗಲೆಗೆ ಹೋದ ಬಸಣ್ಣ ಬೇವಿನ ಮರದ ಕೆಳಗೆ ನಿಂತಿದ್ದ ಆ ಗಾಡಿಯನ್ನು ನೋಡಿ ಹತ್ತಿಯನ್ನು ಮರೆತ. ಎರಡೇ ಸೀಟು, ತಲೆಯ ಮೇಲೆ ಬೇಕಾದರೆ ಏರಿಸುವ ಕಿತ್ತಾನಿನ ದಪ್ಪ ಬಟ್ಟೆಯ ಹೊದಿಕೆ, ಸೈಕಲ್ಲಿನ ಹಾಗೆ ಕಡ್ಡಿಗಳಿದ್ದ ಎತ್ತರದ ಗಾಲಿ, ಬೆನ್ನಿಗೆ ಕಟ್ಟಿಕೊಂಡ ಇನ್ನೊಂದು ಗಾಲಿ. ಮುಂದಿನ ಗಾಜನ್ನು ಬಾನೆಟ್ಟಿನ ಮೇಲೆ ಮಲಗಿಸಬಹುದಿತ್ತು.

ಆಗ ಮದುವೆಯಾಗಿ ಬಹಳ ವರ್ಷವಾಗಿತ್ತು. ಮಕ್ಕಳಿಲ್ಲ. ಹರಕೆ, ಡಾಕ್ಟರು ಎಲ್ಲ ಮುಗಿದು, ಆ ಮಾತನ್ನೇ ಮನೆಯಲ್ಲಿ ಯಾರೂ ಎತ್ತದ ಕಾಲ. ಮುರಿಗೆವ್ವ ಸಂಜೆಯಾದರೆ ಮಾಳಿಗೆ ಹತ್ತಿ ರೈಲಿನ ಹೊಗೆ ನೋಡುತ್ತ ಆ ಕಡೆಯಿಂದ ಈ ಕಡೆ ತಿರುಗುತ್ತಿದ್ದಳು.

"ಎಲ್ಲಿಗಾದ್ರೂ ಹೋಗೂಣ್ರಿ," ಅನ್ನುತ್ತಿದ್ದಳು.

"ಎಲ್ಲಿಗೆ?"

"ಎಲ್ಲಿಗಾದ್ರೂ."

ಬಸಣ್ಣನಿಗೆ ಆ ಮಾತಿಗೆ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ಗಾಡಿ ಕಂಡ ದಿನ ತಿಳಿಯಿತು ಅನ್ನಿಸಿತು.

ಮೊದಲನೆಯ ಸಂಜೆ ಇಬ್ಬರೂ ಧಾರವಾಡದ ರಸ್ತೆ ಹಿಡಿದರು. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಉಣಕಲ್ ಕೆರೆ ಬರುವ ಹೊತ್ತಿಗೆ ಗಾಳಿಗೆ ಸೆರಗು ನಿಲ್ಲದಾಗಿ ಮುರಿಗೆವ್ವ ಅದರ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು.

"ಇನ್ನಷ್ಟು ಲಗೂ ಓಡಸ್ರಿ," ಎಂದಳು ಹಲ್ಲಿನ ಸಂದಿಯಿಂದಲೇ.

"ಎಂಜಿನ್ನಿಗೆ ತ್ರಾಸ ಆಕ್ಕೈತಿ," ಎಂದ ಬಸಣ್ಣ.

ಆಕೆ ಮತ್ತೆ ಕೇಳಲಿಲ್ಲ. ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಮುಂದೆ ಒಂದು ಬೇಸಿಗೆಯಲ್ಲಿ ಸುಳ್ಳದ ಹೊಲದ ದಾರಿಯಲ್ಲಿ ಅವನೇ ಆಕೆಗೆ ಓಡಿಸಲು ಕಲಿಸಿದ. ಊರಲ್ಲಿ ಯಾವ ಗಂಡಸೂ ಹೆಂಡತಿಗೆ ಮಾಡದ ಕೆಲಸ. ಬಾಜೂ ಕೂತು, "ಸಾವಕಾಶ, ಸಾವಕಾಶ" ಅನ್ನುತ್ತಿದ್ದ. ಆಕೆ ಸಾವಕಾಶ ಓಡಿಸಿದಳು. ಭಾನುವಾರ ಅವನು ಗಾಡಿ ಒರೆಸುವಾಗ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. ಯಾರಾದರೂ ಈ ಹಳೇದನ್ನು ಮಾರಿ ಮೇಲೆ ತಗಡಿರುವ ಒಂದು ಗಾಡಿ ತಗೊಳ್ಳಿ ಎಂದರೆ ಬಸಣ್ಣನದು ಒಂದೇ ಉತ್ತರ: "ನಮ್ಮನ್ಯಾಗ ಒಪ್ಪೂದಿಲ್ರಿ. ಆಕೀಗೆ ಇದಂದ್ರ ಜೀವ."

*

ಎಂಜಿನ್ ಮತ್ತೊಮ್ಮೆ ಕೆಮ್ಮಿ, ನಡುಗಿ, ಈ ಸಲ ನಿಲ್ಲದೆ ಗುಡುಗತೊಡಗಿತು. ಗಾಡಿಯ ಮೈಯೆಲ್ಲ ಅಲುಗಿತು. ಭಜನೆಯವರು ಹಾಡು ನಿಲ್ಲಿಸಿ ನೋಡಿದರು. ಯಾರೋ ಒಬ್ಬ ಚಪ್ಪಾಳೆ ತಟ್ಟಲು ಹೋಗಿ, ಎಲ್ಲಿದ್ದೇನೆ ಎಂದು ನೆನಪಾಗಿ ಕೈ ಕೆಳಗಿಳಿಸಿದ.

ಬಸಣ್ಣ ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡ. ಬೆಳಗಿನಿಂದ ಮೊದಲ ಸಲ ಅವನ ಮುಖ ಸಡಿಲಾಗಿತ್ತು. ಒಳಗಿನಿಂದ ಬಂದು ಕಂಬಕ್ಕೆ ಒರಗಿ ನಿಂತಿದ್ದ ಸಿದ್ದಪ್ಪನನ್ನು ಕಂಡು ಹತ್ತಿರ ಕರೆದ.

"ನೋಡಿದೇನು? ನಿಮ್ಮಕ್ಕನ ಸಲುವಾಗಿ ಶುರು ಆತು. ಇದರಾಗ ಒಯ್ತೇನಿ ಆಕೀನ್ನ. ಇದಂದ್ರ ಜೀವ ಇತ್ತಲ್ಲ ಆಕೀಗೆ."

ಸಿದ್ದಪ್ಪ ಗಾಡಿಯನ್ನು ನೋಡಿದ, ನೆಲ ನೋಡಿದ.

"ಯಾಕೋ? ಸುಮ್ಮನಾದಿ?"

"ಏನಿಲ್ರಿ ಮಾವಾರ. ನಿಮಗ ಹೆಂಗ ಅನಸ್ತೈತಿ ಹಂಗ ಮಾಡ್ರಿ."

"ಮಾರಿ ಹಂಗ್ಯಾಕ ಮಾಡಿದಿ ಮತ್ತ?"

"ಏನಿಲ್ಲಂದ್ನಲ್ರಿ."

ಬಸಣ್ಣ ಅವನ ರೆಟ್ಟೆ ಹಿಡಿದ. ಗ್ರೀಸಿನ ಬೆರಳು ಅಂಗಿಯ ಮೇಲೆ ಮೂಡಿದವು. "ಆವತ್ತ ದೀಪಾವಳಿಯಾಗ ನೀನೂ ಇದ್ದಿಯಲ್ಲ. ನೀನ ಕೇಳಿದೆಯಲ್ಲ ಆಕಿ ಏನಂದ್ಲು ಅಂತ?"

"ಕೇಳೇನ್ರಿ," ಎಂದ ಸಿದ್ದಪ್ಪ.

*

ಹಿಂದಿನ ದೀಪಾವಳಿಯಲ್ಲಿ ಸಿದ್ದಪ್ಪ ಕೆಂಪು ಗಾಡಿ ತಂದಿದ್ದ. ಮುಂಬೈಯಲ್ಲಿದ್ದ ಪರದೇಶಿ ಅಧಿಕಾರಿಯೊಬ್ಬ ತನ್ನ ದೇಶಕ್ಕೆ ಮರಳುವಾಗ ಬಿಟ್ಟುಹೋದದ್ದು. ಎರಡೂ ಒಂದೇ ಕಂಪನಿಯವು. ಹಸಿರು ಹಳೆಯ ಮಾದರಿ, ಕೆಂಪು ಹೊಸದು. ಪಾಡ್ಯದ ಸಂಜೆ ಎರಡನ್ನೂ ಮನೆಯ ಮುಂದೆ ಪಕ್ಕ ಪಕ್ಕ ನಿಲ್ಲಿಸಿ, ಚೆಂಡುಹೂವಿನ ಹಾರ ಹಾಕಿ ಪೂಜೆ ಮಾಡಿದ್ದರು. ಓಣಿಯ ಗಂಡಸರೆಲ್ಲ ಸುತ್ತ ನೆರೆದಿದ್ದರು.

"ಒಂದ ತಾಯಿ ಮಕ್ಕಳಂದ್ರ ನಂಬೂದಾಗೂದಿಲ್ಲ," ಎಂದ ಒಬ್ಬ. "ಒಂದು ಕುದುರಿ ಸಾರೋಟಿನಂಗ ಐತಿ, ಇನ್ನೊಂದು ಮೀನಿನಂಗ ಐತಿ."

"ಮೀನಿಗೆ ಎಲುವು ಐತೇನು ನೋಡ್ರಿ ಮೊದಲ," ಎಂದ ಬಸಣ್ಣ. "ನಂದರ ಮೈಯೊಳಗ ಕಟಿಗಿ ಐತಿ. ಬಡಿಗ್ಯಾರ ಕೈಯಾಗ ಹುಟ್ಟಿದ್ದು ಇದು. ನಿಂದು ಬರೇ ತಗಡು, ಸಿದ್ದಪ್ಪ."

"ಆ ತಗಡ ಗಟ್ಟಿ ಐತ್ರಿ ಮಾವಾರ. ಕಟಿಗಿ ಹಂಗ ಕಿರ್ ಅನ್ನೂದಿಲ್ಲ."

"ಕಿರ್ ಅಂದ್ರ ಗಾಡಿ ಜೀವಂತ ಐತಿ ಅಂತ ಗೊತ್ತಾಕ್ಕೈತಿ. ನಂದರ ಕಾಜು ಮಲಗಿಸಿದ್ರ ಗಾಳಿ ಎದಿಗೇ ಬರ್ತೈತಿ."

"ಮಳೀನೂ ಎದಿಗೇ ಬರ್ತೈತ್ರಿ. ಇದಕ್ಕ ನೋಡ್ರಿ, ಬಾಗಲದಾಗ ಕಾಜು ಐತಿ, ತಿರುವಿದ್ರ ಏರ್ತೈತಿ. ಹ್ಯಾಂಡಲ್ ಹೊಡಿಯೂ ಕೆಲಸಿಲ್ಲ, ಕೀಲಿ ತಿರುವಿದ್ರ ಆತು. ಖಾಲಿ ರಸ್ತೆ ಸಿಕ್ರ ನೂರು ಮೈಲು ಓಡ್ತೈತಿ."

"ನೂರು ಮೈಲು ಓಡಿಸಿ ಎಲ್ಲಿಗೆ ಹೋಗಾಂವ ನೀ?"

ಎಲ್ಲರೂ ನಕ್ಕರು. ಬಸಣ್ಣನೂ ನಕ್ಕ. ಆದರೆ ಜನ ಕೆಂಪು ಗಾಡಿಯ ಕಡೆಗೇ ಸರಿಯುತ್ತಿದ್ದುದು ಅವನಿಗೆ ಕಾಣುತ್ತಿತ್ತು. ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಮುರಿಗೆವ್ವನನ್ನು ಕೂಗಿ ಕರೆದ.

"ಬಾ ಇಲ್ಲಿ. ನೀನ ಹೇಳು. ಎರಡರಾಗ ಯಾವುದು ಛಲೋ? ನೀನೂ ಓಡಸಾಕಿ. ಹೇಳು ನೋಡೂಣು ಎಲ್ಲಾರ ಮುಂದ."

ಮುರಿಗೆವ್ವ ತಟ್ಟೆಯನ್ನು ಕಾಳವ್ವನ ಕೈಗೆ ಕೊಟ್ಟು ಕೆಳಗಿಳಿದಳು. ಕೆಂಪು ಗಾಡಿಯ ಸುತ್ತ ಒಂದು ಸುತ್ತು ಬಂದಳು. ಒಳಗೆ ವೇಗ ತೋರಿಸುವ ಗಡಿಯಾರಗಳನ್ನು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹೋಗಿ ಹಸಿರು ಗಾಡಿಯ ಮಡ್‌ಗಾರ್ಡಿನ ಮೇಲೆ ಕೈಯಿಟ್ಟಳು.

"ನಮ್ಮದ ಛಲೋ ಐತಿ ಬಿಡ್ರಿ."

ಗಂಡಸರು ಹೋ ಎಂದರು. ಬಸಣ್ಣ ಸಿದ್ದಪ್ಪನ ಬೆನ್ನಿಗೆ ಗುದ್ದಿದ. ಆ ರಾತ್ರಿ ಅವನು ಎರಡು ಹೋಳಿಗೆ ಹೆಚ್ಚು ಉಂಡ.

*

"ಕೇಳೇನ್ರಿ," ಎಂದು ಸಿದ್ದಪ್ಪ ಮತ್ತೊಮ್ಮೆ ಹೇಳಿದ. ಆಮೇಲೆ ತಡೆಯಲಾರದೆ, "ಆದ್ರ ಮರುದಿನ ನಸಿಕಿನ್ಯಾಗ ಅಕ್ಕ ಬಂದು ನನ್ನ ಎಬ್ಬಿಸಿದ್ಲು. ಕೀಲಿ ಕೊಡೋ ತಮ್ಮಾ, ಅಂದ್ಲು."

ಹಸಿರು ಗಾಡಿ ಗುಡುಗುತ್ತಲೇ ಇತ್ತು. ಬಸಣ್ಣನಿಗೆ ಸರಿಯಾಗಿ ಕೇಳಿಸಲಿಲ್ಲವೆಂದು ತೋರಿ ಸಿದ್ದಪ್ಪನ ಬಾಯಿಯ ಹತ್ತಿರ ಕಿವಿ ತಂದ. "ಏನಂದಿ?"

"ಇಬ್ಬರೂ ಹೋದ್ವಿ. ನೀವು ಮಲಗಿದ್ರಿ. ಊರು ದಾಟೂ ತನಕ ನಾ ಓಡಿಸಿದೆ. ಮುಂದ ಅಕ್ಕ ಕುಂತ್ಲು. ಧಾರವಾಡ ದಾಟಿ ಬೆಳಗಾವಿ ರಸ್ತೇಕ ಹೋದ್ವಿ. ರಸ್ತೆದಾಗ ನರಪಿಳ್ಳಿ ಇದ್ದಿಲ್ಲ."

"ಆಕಿ ಓಡಿಸಿದ್ಲು?"

"ಹೌದ್ರಿ."

"ಎಷ್ಟರಾಗ?"

"ನಾ ಹೆದರಿ ಅಷ್ಟು ಸಾಕವ್ವ ಅಂದೆ. ಕೇಳಲಿಲ್ಲ. ಮುಳ್ಳು ಎಂಬತ್ತು ದಾಟಿತ್ರಿ."

ಬಸಣ್ಣ ಅವನ ರೆಟ್ಟೆ ಬಿಟ್ಟ. ಅವನ ಗಾಡಿಯಲ್ಲಿ ಮುಳ್ಳು ಯಾವತ್ತೂ ಮೂವತ್ತರ ಆಚೆ ಹೋದದ್ದಿಲ್ಲ. ಹೋಗಲಾರದೆಂದಲ್ಲ, ಅವನು ಬಿಟ್ಟಿರಲಿಲ್ಲ.

"ನಕ್ಕಳೇನು?" ಎಂದು ಕೇಳಿದ. ಆ ಪ್ರಶ್ನೆ ಎಲ್ಲಿಂದ ಬಂತೋ ಅವನಿಗೇ ಗೊತ್ತಾಗಲಿಲ್ಲ.

"ನಕ್ಕಳ್ರಿ. ದಾರಿ ತುಂಬ ನಕ್ಕಳು. ಸಣ್ಣಾಕಿ ಇದ್ದಾಗ ಹಂಗ ನಗತಿದ್ಲು, ಆಮ್ಯಾಲೆ ನಾ ನೋಡಿದ್ದಿಲ್ಲ." ಸಿದ್ದಪ್ಪ ಕೆಂಪು ಗಾಡಿಯ ಕಡೆ ನೋಡಿದ. "ತಿರುಗಿ ಬಂದು ನಿಲ್ಲಿಸಿದ ಮ್ಯಾಲೂ ಇಳೀಲಿಲ್ಲ. ಸುಮ್ನ ಕುಂತಿದ್ಲು. ಮಾವಗ ಹೇಳಬ್ಯಾಡ ಅಂದ್ಲು. ಆ ಗಾಡಿ ನನ್ನ ಸಲುವಾಗಿ ಅಂತ ಒರಸ್ತಾರ, ಅವರ ಮನಸ್ಸು ಸಣ್ಣದಾಕ್ಕೈತಿ, ಅಂದ್ಲು."

"ಮತ್ತ ಈಗ ಯಾಕ ಹೇಳಿದಿ?" ಬಸಣ್ಣನ ದನಿ ಒಮ್ಮೆಲೇ ಏರಿತು. ಪಡಸಾಲೆಯ ಅಳು ನಿಂತಿತು. "ಇಷ್ಟು ದಿನ ಬಾಯಿ ಮುಚಗೊಂಡಿದ್ದಾಂವ ಇವತ್ತ ಯಾಕ ಹೇಳಿದಿ? ಆಕಿ ಎದ್ದು ಬಂದು ಹೌದು ಅಲ್ಲ ಅಂತಾಳೇನು?"

"ನೀವ ಕೇಳಿದ್ರಿ, ಮಾವಾರ."

ಬಸಣ್ಣ ಗಾಡಿಯ ಆಚೆ ಹೋದ, ಈಚೆ ಬಂದ. ಗೋಡೆಯವರೆಗೆ ನಡೆದು ಅಲ್ಲಿ ಏನೂ ಇಲ್ಲದ್ದನ್ನು ನೋಡಿ ತಿರುಗಿದ. ಕೈಯ ಗ್ರೀಸನ್ನು ಧೋತರಕ್ಕೆ ಒರೆಸಿದ, ಮತ್ತೆ ಒರೆಸಿದ. ದೀಪಾವಳಿಯ ಸಂಜೆ ಅವನ ಕಣ್ಣ ಮುಂದೆ ಬಂತು. ಅಷ್ಟು ಜನರ ನಡುವೆ ಆಕೆಯನ್ನು ಕೂಗಿ ಕರೆದದ್ದು, ಎಲ್ಲಾರ ಮುಂದ ಹೇಳು ಅಂದದ್ದು. ಆಕೆ ಬೇರೆ ಏನು ಹೇಳಬಹುದಿತ್ತು? ಇಷ್ಟು ವರ್ಷ ಊರಿಗೆಲ್ಲ ಆಕೆಗೆ ಇದಂದ್ರ ಜೀವ ಎಂದು ಹೇಳಿಕೊಂಡು ತಿರುಗಿದ್ದ. ಒಮ್ಮೆಯಾದರೂ, ಇಬ್ಬರೇ ಇದ್ದಾಗ, ನಿನಗ ಏನು ಬೇಕು ಎಂದು ಕೇಳಿದ್ದನೇ? ನೆನಪು ಮಾಡಿಕೊಂಡ. ಕೇಳಿದ ನೆನಪಾಗಲಿಲ್ಲ.

ಹಸಿರು ಗಾಡಿಯೊಳಗೆ ಕೈ ಹಾಕಿ ಕೀಲಿ ತಿರುವಿದ. ಗುಡುಗು ನಿಂತಿತು. ಅಂಗಳ ಒಮ್ಮೆಲೇ ಬಹಳ ದೊಡ್ಡದಾದಂತೆ ಕಂಡಿತು.

"ಬಂದ್ ಯಾಕ ಮಾಡಿದ್ಯೋ? ಮತ್ತ ಶುರು ಆಗೂದಿಲ್ಲದು!" ಎಂದಳು ಕಾಳವ್ವ.

"ಸಿದ್ದಪ್ಪ," ಎಂದ ಬಸಣ್ಣ. "ನಿನ್ನ ಗಾಡಿ ಕೀಲಿ ಕೊಡು."

"ನಾನ ಓಡಸ್ತೇನ್ರಿ. ನಿಮಗ ಅದು ಹೊಸಾದು."

"ಸೀಟು ಎರಡ ಐತಲ್ಲ. ಒಂದು ಆಕೀದು. ಇನ್ನೊಂದು ನಂದು."

*

ಮಧ್ಯಾಹ್ನದ ಬಿಸಿಲಲ್ಲಿ ಮುರಿಗೆವ್ವನನ್ನು ನಾಲ್ಕು ಜನ ಎತ್ತಿ ತಂದು, ಮೇಲಿನ ಹೊದಿಕೆ ಮಡಚಿಟ್ಟಿದ್ದ ಕೆಂಪು ಗಾಡಿಯ ಎಡ ಸೀಟಿನಲ್ಲಿ ಕೂಡಿಸಿದರು. ಶಾಂತಯ್ಯನವರೇ ಒಂದು ಬಿಳಿಯ ಪಂಚೆಯನ್ನು ಆಕೆಯ ಎದೆಯ ಮೇಲಿನಿಂದ ತಂದು ಸೀಟಿನ ಬೆನ್ನಿಗೆ ಬಿಗಿದರು. ಕಾಳವ್ವ ಕುಂಕುಮ ತಿದ್ದಿ, ಮುಡಿಯಲ್ಲಿ ಮಲ್ಲಿಗೆ ಸಿಕ್ಕಿಸಿದಳು; ಸೆರಗನ್ನು ಬೆನ್ನ ಹಿಂದೆ ಒತ್ತಿ ಭದ್ರ ಮಾಡಿದಳು.

ಬಸಣ್ಣ ಕೂತು ಬಾಗಿಲು ಎಳೆದುಕೊಂಡ. ಗೇರು ಎಲ್ಲಿಂದ ಎಲ್ಲಿಗೆ ಎಂದು ಸಿದ್ದಪ್ಪ ಹೊರಗಿನಿಂದ ಬಗ್ಗಿ ತೋರಿಸಿದ. ಕೀಲಿ ತಿರುವಿದ ಕೂಡಲೇ ಎಂಜಿನ್ ಮಾತಾಡಿತು. ಬಸಣ್ಣ ಒಂದು ಕ್ಷಣ ಅದನ್ನು ಕೇಳಿಸಿಕೊಂಡ. "ಛಲೋ ಐತಿ," ಎಂದ. ಯಾರಿಗೆ ಹೇಳಿದನೋ.

ಊರೊಳಗೆ ಗಾಡಿ ಭಜನೆಯ ಹಿಂದೆ ನಡಿಗೆಯಲ್ಲೇ ಹೋಯಿತು. ಅಂಗಡಿಯವರು ಎದ್ದು ನಿಂತು ಕೈ ಮುಗಿದರು. ಯಾರೂ ನಗಲಿಲ್ಲ. ಊರಿನ ಅಂಚಿಗೆ ಬಂದಾಗ ಭಜನೆಯವರು, ಹೆಂಗಸರು, ಸಿದ್ದಪ್ಪ, ಶಾಂತಯ್ಯ ಎಲ್ಲ ಜಿನ್ನಿನ ಲಾರಿ ಹತ್ತಿದರು. ಕಾಳವ್ವನನ್ನು ಡ್ರೈವರಿನ ಬಾಜೂ ಕೂಡಿಸಿದರು.

ಸುಳ್ಳದ ದಾರಿ ಎರೆಭೂಮಿಯ ನಡುವೆ ಹಗ್ಗ ಎಳೆದ ಹಾಗೆ ನೆಟ್ಟಗೆ ಹೋಗುತ್ತದೆ. ಎರಡೂ ಕಡೆ ಹತ್ತಿ ಒಡೆದು ಹೊಲಗಳು ಬೆಳ್ಳಗಾಗಿದ್ದವು. ಮೊದಮೊದಲು ಲಾರಿಗೂ ಗಾಡಿಗೂ ನಡುವೆ ಒಂದು ಕೂಗಿನ ಅಂತರವಿತ್ತು. ಕಾಳವ್ವನಿಗೆ ತಮ್ಮನ ತಲೆ, ಅದರ ಪಕ್ಕ ಸ್ವಲ್ಪವೂ ಬಾಗದ ಇನ್ನೊಂದು ತಲೆ ಎರಡೂ ಕಾಣುತ್ತಿದ್ದವು. ಆಮೇಲೆ ಗಾಡಿ ಚಿಕ್ಕದಾಗತೊಡಗಿತು. ಬಿಗಿದ ಸೆರಗು ಹೇಗೋ ಬಿಡಿಸಿಕೊಂಡು ಗಾಳಿಗೆ ಎದ್ದಿತು. ಹತ್ತಿ ಹೇರಿಕೊಂಡು ಬರುತ್ತಿದ್ದ ಚಕ್ಕಡಿಗಳು ದಾರಿ ಬಿಟ್ಟು ಹೊಲಕ್ಕೆ ಇಳಿದವು.

"ಎಷ್ಟು ಜೋರ ಹೊಂಟಾರ್ರಿ ಅವರು," ಎಂದ ಲಾರಿಯ ಡ್ರೈವರ್ ಗಾಬರಿಯಾಗಿ. "ನನ್ನ ಕಡಿಂದ ಹಿಡಿಯೂದಾಗೂದಿಲ್ರಿ."

ಕಾಳವ್ವ ಕಿಟಕಿಯ ಅಂಚು ಹಿಡಿದು ಮುಂದಕ್ಕೆ ಬಾಗಿದಳು.

ಲಾರಿ ಹೊಲ ತಲುಪಿದಾಗ ಕುಣಿ ತೋಡಿದವರು ಮಣ್ಣಿನ ಗುಡ್ಡೆಯ ಮೇಲೆ ನಿಂತು ರಸ್ತೆಯನ್ನೇ ನೋಡುತ್ತಿದ್ದರು. ಕೆಂಪು ಗಾಡಿ ಅಲ್ಲಿರಲಿಲ್ಲ.

"ಎಲ್ಲೆದಾರೋ?" ಎಂದು ಸಿದ್ದಪ್ಪ ಲಾರಿಯಿಂದ ಕೆಳಗೆ ಹಾರಿದ.

"ಬಂದ್ರ್ರಿ. ನಾವು ಕೈ ಮಾಡಿದ್ವಿ. ನಿಲ್ಲಲಿಲ್ರಿ. ಮುಂದ ಹೋದ್ರು."

"ಮುಂದ ಅಂದ್ರ?"

ಕುಣಿ ತೋಡಿದವನೊಬ್ಬ ಸಲಿಕೆಯಿಂದ ತೋರಿಸಿದ. ಸಿದ್ದಪ್ಪ ರಸ್ತೆಯ ನಡುವೆ ಓಡಿ, ಸ್ವಲ್ಪ ದೂರ ಹೋಗಿ, ಓಡಿ ಪ್ರಯೋಜನವಿಲ್ಲವೆಂದು ನಿಂತ. ಭಜನೆಯವರು ತಾಳ ಕೈಯಲ್ಲಿ ಹಿಡಿದು ಶಾಂತಯ್ಯನವರ ಮುಖ ನೋಡಿದರು.

"ಈಗೇನ್ ಮಾಡೂದ್ರಿ ಅಯ್ಯಾರ? ಹೊತ್ತು ಮೀರ್ತೈತಿ."

ಶಾಂತಯ್ಯ ಉತ್ತರಿಸುವ ಮೊದಲೇ ಕಾಳವ್ವ ಲಾರಿಯ ಮೆಟ್ಟಿಲು ಹಿಡಿದು ಕೆಳಗಿಳಿದಳು. "ಹೋಗಿ ಬರ್ಲಿ ಬಿಡ್ರಿ," ಎಂದಳು. "ಎಲ್ಲಿಗಾದ್ರೂ ಹೋಗಿ ಬರ್ಲಿ." ಹಾಗೆಂದು ಬದುವಿನ ಮೇಲೆ ಕೂತುಬಿಟ್ಟಳು.

ಹತ್ತಿ ಬಿಡಿಸುತ್ತಿದ್ದ ಹೆಂಗಸರು ಸೊಂಟದ ಉಡಿ ತುಂಬಿಕೊಂಡೇ ಎದ್ದು ನಿಂತು, ಹಣೆಗೆ ಕೈ ಮರೆಮಾಡಿ ನೋಡುತ್ತಿದ್ದರು. ದೂರದಲ್ಲಿ, ರಸ್ತೆ ಆಕಾಶಕ್ಕೆ ತಾಗುವಲ್ಲಿ, ಕರಿಮಣ್ಣಿನ ಧೂಳಿನ ಒಂದು ಕಂಬ ಎದ್ದಿತ್ತು. ಅದು ಇನ್ನೂ ಮುಂದಕ್ಕೇ ಹೋಗುತ್ತಿತ್ತು.